ಭಾಗಮ್ಮನ ಬೆನ್ನು

ಗಯಾಬಾಯಿ ಮುಟ್ಟಿ ಹೋದ ಮೇಲೆ ಭಾಗಮ್ಮನ ಮೈಮೇಲೆ ಒಂದು ಚರಿಗೆ ತಣ್ಣೀರು ಬೀಳುತ್ತಿತ್ತು. ಬೆಳಿಗ್ಗೆ ಒಂದು. ಸಂಜೆ ಒಂದು.

ಬೀಳುವುದನ್ನು ಗಯಾಬಾಯಿ ಕಂಡವಳಲ್ಲ, ಕೇಳಿದವಳು. ಕೆಲಸ ಮುಗಿಸಿ, ಹಿತ್ತಲ ಬಾಗಿಲು ದಾಟಿ, ಕಲ್ಲಿನ ಮೆಟ್ಟಿಲ ಮೇಲೆ ನಿಂತು "ಆತ್ರೀ ಅಕ್ಕೋರೆ" ಎಂದು ಅವಳು ಕೂಗಬೇಕು. ಅದು ಆ ಮನೆಯ ಕಟ್ಟು. ಕೂಗಿದ ಮೇಲೆ ಮೊದಲು ಸೊಸೆ ವಿಜಯಶ್ರೀಯ ಬಳೆ ಸದ್ದು. ಆಮೇಲೆ ನೀರಿನ ಸದ್ದು. ಆಮೇಲೆ ಮುದುಕಿ ಉಸಿರನ್ನು ಒಳಗೆಳೆದುಕೊಳ್ಳುವ ಸದ್ದು. ಅಷ್ಟು ಕೇಳಿ ಗಯಾಬಾಯಿ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.

ಭಾಗಮ್ಮನಿಗೆ ಎಪ್ಪತ್ನಾಲ್ಕು. ದಸರೆಯ ಹೊತ್ತಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಬಲಗೈ ಉಳಿಯಿತು, ಬಾಯಿ ಉಳಿಯಿತು. ಎರಡನ್ನೂ ಆಕೆ ಬಿಡುವಿಲ್ಲದೆ ದುಡಿಸುತ್ತಿದ್ದಳು. ಮಗ ಓಂಪ್ರಕಾಶನಿಗೆ ಬಸವಕಲ್ಯಾಣದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಮನೆ ಕೋಟೆಯ ಕಡೆಯ ಓಣಿಯಲ್ಲಿ. ಪಡಸಾಲೆಯ ಗೋಡೆಗೆ ಅಣ್ಣ ಬಸವಣ್ಣನ ದೊಡ್ಡ ಫೋಟೋ, ದಿನಾ ಹೊಸ ಹೂವಿನ ಹಾರ. ಗಯಾಬಾಯಿ ಆ ಫೋಟೋವನ್ನು ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ನೋಡಿದ್ದಳು. ಪಡಸಾಲೆಗೆ ಅವಳು ಕಾಲಿಟ್ಟಿರಲಿಲ್ಲ.

ಅವಳ ಊರು ಮೋರಖಂಡಿ. ಅಜ್ಜಿಯ ಕಾಲದಲ್ಲಿ ಓಣಿಗೆ ಓಣಿಯೇ ಯೇಸುಸ್ವಾಮಿಯ ಕಡೆಗೆ ಬಂದಿತ್ತು. ದೇವರು ಬದಲಾಯಿತು, ಹಾಡು ಬದಲಾಯಿತು, ಓಣಿ ಇದ್ದಲ್ಲೇ ಇತ್ತು. ಊರಿನವರ ಕಣ್ಣೂ ಇದ್ದಲ್ಲೇ ಇತ್ತು. ಗಯಾಬಾಯಿ ಹುಮನಾಬಾದಿನ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದಳು. ಕಕ್ಕಸು ತೊಳೆದಳು, ರಕ್ತ ಒರೆಸಿದಳು, ರೋಗಿಗಳ ಮಗ್ಗಲು ಹೊರಳಿಸುವುದನ್ನು ಕಲಿತಳು. ಆ್ಯಸಿಡ್ಡು, ಫಿನಾಯಿಲುಗಳಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಸತ್ತವು. ಬಿಸಿ ತಂಪು ತಿಳಿಯುವುದಿಲ್ಲ. ನರ್ಸಿಂಗ್ ಹೋಮು ಮುಚ್ಚಿತು. ಬೆರಳು ಹಾಗೇ ಉಳಿದವು.

ಬೆಳಿಗ್ಗೆ ಆರಕ್ಕೆ ಅವಳು ಮೋರಖಂಡಿಯಿಂದ ಆಟೋ ಹಿಡಿದು ಬರುತ್ತಿದ್ದಳು. ಎಳ್ಳಮಾವಾಸ್ಯೆ ಕಳೆದ ವಾರ, ಮೈ ಕೊರೆಯುವ ಚಳಿ. ಹಿತ್ತಲಲ್ಲಿ ನೀರು ಕಾಯಿಸಿ, ಮೊಣಕೈಯ ಒಳಮಗ್ಗಲು ಅದ್ದಿ ಬಿಸಿ ನೋಡುತ್ತಿದ್ದಳು, ಹಸುಗೂಸಿಗೆ ನೋಡುವಂತೆ. ಮಂಚಕ್ಕೆ ಕಬ್ಬಿಣದ ಕಾಲು, ಹಾಸಿಗೆಯ ಮೇಲೆ ರೆಕ್ಸಿನ್ ಹಾಳೆ. ಮುದುಕಿಯ ಸೊಂಟದ ಕೆಳಗೆ ಒಂದು ಕೈ, ಭುಜದ ಕೆಳಗೆ ಒಂದು ಕೈ. ಎಳೆದು ಹೊರಳಿಸುವುದು. ಹೇಲು ತೆಗೆಯುವುದು. ಸಂದುಗೊಂದು ತೊಳೆಯುವುದು. ಒರೆಸುವುದು. ಒಗೆದ ಸೀರೆ ಸುತ್ತುವುದು. ವಾಸನೆ ಮೊದಲ ವಾರ ಮೂಗಿಗೆ ಬರುತ್ತಿತ್ತು, ಆಮೇಲೆ ಬರಲಿಲ್ಲ.

ಮುಟ್ಟುವ ಮೊದಲು ಅವಳು ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಳ್ಳುತ್ತಿದ್ದಳು: "ಸ್ವಾಮಿ, ಇದು ನಿಂದೇ ಮೈ." ಅವಳ ಅವ್ವ ಹೇಳಿಕೊಟ್ಟ ಮಾತು ಅದು. ಅವ್ವ ಕೂಸುಗಳಿಗೆ ಎರೆಯುವಾಗ ಹೇಳುತ್ತಿದ್ದಳು, ಹೆಣಕ್ಕೆ ಎರೆಯುವಾಗಲೂ ಹೇಳುತ್ತಿದ್ದಳು. ಪ್ರೀತಿ ಎಂಬ ಮಾತನ್ನು ಗಯಾಬಾಯಿ ಬಾಯಿಬಿಟ್ಟು ಆಡಿದವಳಲ್ಲ. ಅವಳಿಗೆ ಹೊರಳಿಸುವುದು ಗೊತ್ತಿತ್ತು.

ಮುದುಕಿಯೂ ಅವಳನ್ನು ಪ್ರೀತಿಸುತ್ತಿದ್ದಳೆಂದು ಯಾರೂ ಹೇಳಲಾರರು. "ಏ, ಮೆಲ್ಲಕ! ನಿಮ್ಮ ಮೋರಖಂಡಿ ಎಮ್ಮಿ ಅಂತ ತಿಳಕೊಂಡಿ ಏನು?" ಎಂದು ಗದರುವಳು. ಒಮ್ಮೊಮ್ಮೆ, "ನಿನ್ನ ಕೈ ಯಾಕ ಹಿಂಗ ಖರಖರ ಅಂತಾವ, ಎಣ್ಣಿ ಹಚ್ಚಂಗಿಲ್ಲೇನು?" ಎಂದು ಕೇಳುವಳು. ಅಷ್ಟೇ.

ಲಕ್ವಾ ಹೊಡೆಯುವ ತನಕ ಕೊರಳಲ್ಲಿ ಎಂದೂ ಬಿಡದೆ ಧರಿಸಿದ ಲಿಂಗ ಭಾಗಮ್ಮನದು. ಮದುವೆಗೂ ಮೊದಲಿನದು. ಈಗ ಗಯಾಬಾಯಿ ಬರುವ ಹೊತ್ತಿಗೆ ವಿಜಯಶ್ರೀ ಅದರ ಬೆಳ್ಳಿಯ ಕರಡಿಗೆಯನ್ನು ಅತ್ತೆಯ ಕೊರಳಿನಿಂದ ತೆಗೆದು ಪಡಸಾಲೆಯ ಗೂಟಕ್ಕೆ ಹಾಕುತ್ತಿದ್ದಳು. ನೀರು ಬಿದ್ದ ಮೇಲೆ ಮತ್ತೆ ಕೊರಳಿಗೆ. ಆಮೇಲೆ ವಿಭೂತಿ, ಪೂಜೆ. ಪೂಜೆಯಾಗದೆ ಭಾಗಮ್ಮ ತುತ್ತು ಮುಟ್ಟುವವಳಲ್ಲ.

ಮೊದಮೊದಲು ವಿಜಯಶ್ರೀ ಬೆರಳಲ್ಲಿ ನಾಲ್ಕು ಹನಿ ಚಿಮುಕಿಸಿದ್ದಳಂತೆ. ಭಾಗಮ್ಮನೇ ಒಪ್ಪಲಿಲ್ಲ. "ಬಾಳೀಗಿಡಕ್ಕ ಹೊಡ್ದಂಗ ಹೊಡೀತಿಯಲ್ಲ, ಪೂರಾ ಹಾಕು. ಅರ್ಧಾ ಮೈ ಮಡಿ, ಅರ್ಧಾ ಮೈ ಮೈಲಿಗಿ ಇರ್ತದೇನು?" ಎಂದು ಬೈದಿದ್ದಳು. ಅಂದಿನಿಂದ ತುಂಬಿದ ಚರಿಗೆ, ತಲೆಯಿಂದ ಕಾಲಿಗೆ. ನೀರು ರೆಕ್ಸಿನ್ನಿನ ಮೇಲೆ ನಿಲ್ಲುತ್ತಿತ್ತು. ಬೆನ್ನ ಕೆಳಗೆ ನಿಲ್ಲುತ್ತಿತ್ತು. ಮೇಲಿನ ಸೀರೆಯನ್ನಷ್ಟೇ ಬದಲಿಸಿ ವಿಜಯಶ್ರೀ ಅಡಿಗೆಮನೆಗೆ ಹೋಗುತ್ತಿದ್ದಳು. ಹೊರಳಿಸಿ ಒರೆಸಲು ಅವಳಿಗೆ ಬರುತ್ತಿರಲಿಲ್ಲ.

ಸೊಂಟದ ಮೇಲ್ಗಡೆ, ಬೆನ್ನು ಮುಗಿಯುವಲ್ಲಿ, ಒಂದು ರೂಪಾಯಿಯ ಅಗಲಕ್ಕೆ ಚರ್ಮ ಕೆಂಪಾಯಿತು. ಆಮೇಲೆ ಬಿಳುಪಾಯಿತು. ಆಮೇಲೆ ಬಿರಿಯಿತು. ಗಯಾಬಾಯಿ ದಿನವೂ ಒಣಗಿಸಿ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ನಿಂತು "ಆತ್ರೀ" ಎನ್ನುತ್ತಿದ್ದಳು. ಆಮೇಲೆ ನೀರಿನ ಸದ್ದು. ಸಂಜೆ ಬಂದರೆ ಹುಣ್ಣು ನೆನೆದ ರೊಟ್ಟಿಯಂತೆ.

ನಾಲ್ಕು ದಿನಕ್ಕೊಮ್ಮೆ ಕಂಪೌಂಡರ್ ಸಲಾವುದ್ದೀನ್ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ. ಒಂದು ದಿನ ಅವನು ಬಂದಾಗ ಗಯಾಬಾಯಿ ಮುದುಕಿಯನ್ನು ಹೊರಳಿಸಿ ಹಿಡಿದಳು. ಅವನು ಪಟ್ಟಿ ಬಿಚ್ಚಿ ಮುಖ ಹಿಂದೆ ತೆಗೆದ. ಹುಣ್ಣು ಅಂಗೈ ಅಗಲ ಆಗಿತ್ತು.

"ಇದೇನಿದು? ಹಸೀ ಅದ ಪೂರಾ. ನಾ ಹೋದ ಸಲ ಏನ್ ಹೇಳಿದ್ದೆ? ಒಣಾ ಇಡ್ರಿ ಅಂತ ಹೇಳಿರ್ಲಿಲ್ಲೇನು?"

ಓಂಪ್ರಕಾಶ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಕಡೆ ನೋಡಿದ. ವಿಜಯಶ್ರೀ ನೆಲ ನೋಡಿದಳು.

"ಈಕಿನೇ ತೊಳಿತಾಳ. ನೀರ್ ಬಿಡ್ತಾಳ ಕಾಣ್ತದ" ಅಂದಳು.

ಸಲಾವುದ್ದೀನ್ ಗಯಾಬಾಯಿಯ ಕಡೆ ತಿರುಗಿದ. "ಹನ್ನೊಂದು ವರ್ಷ ಇದೇ ಕಲ್ತಿ ಏನು? ಇನ್ನೊಂದ್ ವಾರ ಹಿಂಗ ಇತ್ತಂದ್ರ ಎಲುಬಿಗಿ ಹತ್ತತದ. ಎಲುಬಿಗಿ ಹತ್ತಿದ್ರ ಮುಗೀತು. ಬೀದರಕ್ಕ ಒಯ್ದ್ರೂ ಉಪೇಗಿಲ್ಲ. ಒಂದ್ ಹನಿ ನೀರ್ ನಿಲ್ಲಬಾರದು. ಕೇಳಿಸ್ತೇನು?"

"ಕೇಳಿಸ್ತ್ರಿ" ಎಂದಳು ಗಯಾಬಾಯಿ.

ಅವಳ ಕೈ ಮುದುಕಿಯ ಸೊಂಟದ ಮೇಲಿತ್ತು. ತೆಗೆಯುವಂತಿರಲಿಲ್ಲ, ತೆಗೆದರೆ ಮುದುಕಿ ಅಂಗಾತ ಬೀಳುವಳು. ಹಾಗೇ ಹಿಡಿದುಕೊಂಡು ಬೈಗುಳ ಕೇಳಿದಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬೆರಳ ತುದಿಯಲ್ಲಿದ್ದ ಜೋಮು ಮೊಣಕೈ ದಾಟಿ, ಎದೆ ದಾಟಿ, ಎಲ್ಲೆಲ್ಲೋ ಹಬ್ಬಿದ ಹಾಗಿತ್ತು.

ಆಟೋ ನಿಲ್ಲುವ ಕಡೆ ಸಲಾವುದ್ದೀನ್ ತನ್ನ ಬೈಕು ನಿಲ್ಲಿಸಿದ. "ಏನ್ ಬಾಯಿ, ಬೇಜಾರಾತೇನು? ಖರೇ ಹೇಳು, ಎಲ್ಲಿಂದ ಬರ್ತದ ನೀರು?"

ಅವಳು ಹೇಳಿದಳು. ಎರಡು ಮಾತಲ್ಲಿ ಹೇಳಿ ಮುಗಿಸಿದಳು.

ಅವನು ಮೊದಲು ನಕ್ಕ. ಆಮೇಲೆ ನಗಲಿಲ್ಲ. "ನಾನೂ ಮುಟ್ತೀನಲ್ಲ, ನಾ ಹೋದ್ ಮ್ಯಾಲ ಹಾಕಂಗಿಲ್ಲಲ್ಲ?"

"ನೀವು ಮದ್ದು ಹಚ್ಚತೀರಿ ಭಾಯಿ. ನಾ ಹೇಲು ತಗೀತೀನಿ."

ಸಲಾವುದ್ದೀನ್ ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಬಿಚ್ಚಿ ಕಟ್ಟಿದ. "ನಾ ಹೇಳಿದ್ರ ಅವರು ಕೇಳಂಗಿಲ್ಲ. ನಮ್ಮ ಧರ್ಮದಾಗ ಕೈ ಹಾಕಾವ ನೀ ಯಾರು ಅಂತಾರ. ನನಗಂತೂ ಅಂದೇ ಅಂತಾರ." ಚೀಲದಿಂದ ಕೈಗವಸಿನ ಡಬ್ಬಿ ತೆಗೆದು ಕೊಟ್ಟ. "ಇದು ಹಾಕ್ಕೊಂಡು ಮಾಡು. ಮುಟ್ಟೇ ಇಲ್ಲ ಅಂತ ಹೇಳು. ನೋಡೋಣು."

ಮರುದಿನ ಗಯಾಬಾಯಿ ಕೈಗವಸು ಹಾಕಿಕೊಂಡು ಎರಡೂ ಕೈ ಎತ್ತಿ ತೋರಿಸಿದಳು. "ಇವತ್ತ ಮುಟ್ಟಿಲ್ರಿ ಅಕ್ಕೋರೆ. ನೀರ್ ಬ್ಯಾಡ್ರಿ."

ವಿಜಯಶ್ರೀ ನೋಡಿದಳು. ಕೆಟ್ಟವಳಲ್ಲ ಅವಳು. ಮನೆ ತುಂಬ ಕೆಲಸ, ಹಗಲೆಲ್ಲ ಅತ್ತೆಯ ಬಾಯಿ. "ಒಳಗಿನ ಕೈ ನಿಂದೇ ಅಲ್ಲೇನು ಗಯಾಬಾಯಿ" ಎಂದಳು, ಹೆಚ್ಚುಕಡಿಮೆ ಬೇಡಿಕೊಳ್ಳುವ ದನಿಯಲ್ಲಿ. "ನಾ ಏನ್ ಮಾಡ್ಲಿ? ನೀರ್ ಬೀಳಲಿಲ್ಲಂದ್ರ ಅತ್ತಿ ಉಣ್ಣಂಗಿಲ್ಲ. ಹೊರಗ ಹೋಗು. ಹೋಗಿ ಆತು ಅನ್ನು."

ಗಯಾಬಾಯಿ ಹೊರಗೆ ಹೋದಳು. ಆತ್ರೀ ಎಂದಳು.

ಆ ಭಾನುವಾರ ಹುಮನಾಬಾದಿನ ಚರ್ಚಿನಲ್ಲಿ ಹೆಣ್ಣುಮಕ್ಕಳ ಕೂಟ. ಸುತ್ತಲ ಊರುಗಳಿಂದ ಹೆಂಗಸರು ಬಂದಿದ್ದರು. ಬೆಳಗಿನ ಕೆಲಸ ಮುಗಿಸಿ ಗಯಾಬಾಯಿಯೂ ಬಸ್ಸು ಹತ್ತಿದಳು. ಗೋಡೆಗೆ ಬಟ್ಟೆಯ ಬ್ಯಾನರು: ದಿನದ ಬಾಳಿನಲ್ಲಿ ದೇವರ ಪ್ರೀತಿ. ಪಾಸ್ಟರು ವಾಕ್ಯ ಹೇಳಿದರು. ಸ್ವಾಮಿ ಶಿಷ್ಯರ ಕಾಲು ತೊಳೆದ ಕಥೆ ಹೇಳಿದರು. ಆಮೇಲೆ ಅವಳ ಹೆಸರು ಕೂಗಿದರು.

"ನಮ್ಮ ತಂಗಿ ಗಯಾಬಾಯಿ. ದೊಡ್ಡವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಹೊಲಸು ತೆಗೆಯುತ್ತಾಳೆ. ಅವರು ಮುಟ್ಟಿಸಿಕೊಳ್ಳದವರು. ಈಕೆ ಮುಟ್ಟುತ್ತಾಳೆ. ಪ್ರೀತಿ ಅಂದರೆ ಇದು. ಎದ್ದು ಸಾಕ್ಷಿ ಹೇಳವ್ವಾ."

ಚಪ್ಪಾಳೆ ಬಿತ್ತು. ಗಯಾಬಾಯಿ ಎದ್ದಳು. ಎಲ್ಲರೂ ಅವಳ ಮುಖ ನೋಡಿದರು.

"ಮುದುಕಿ ಬೆನ್ನು ಕೊಳ್ಯಾಕತ್ತದ" ಎಂದಳು. ಕೂತಳು.

ಹಿಂದಿನ ಸಾಲಿನಲ್ಲಿ ಯಾರೋ ರೂಢಿಯಂತೆ "ಆಮೆನ್" ಅಂದರು.

ಊಟದ ಸಾಲು ಹತ್ತಿದಾಗ ಪಾಸ್ಟರು ನಿಂತೇ ಒಂದು ಬಾಳೆಹಣ್ಣು ಸುಲಿಯುತ್ತಿದ್ದರು. ಗಯಾಬಾಯಿ ಹತ್ತಿರ ಹೋದಳು.

"ಅಯ್ಯಾರೆ, ಒಂದು ಮಾತು."

"ಹೇಳವಾ. ಜಲ್ದಿ ಹೇಳು. ಚಿಟಗುಪ್ಪದಾಗ ಒಬ್ರು ತೀರಿಕೊಂಡಾರ, ಮಣ್ಣಿಗಿ ಹೋಗ್ಬೇಕು."

"ನಾ ಮುಟ್ಟಿದ್ರ ಆಕಿಗಿ ತ್ರಾಸ ಆಗ್ತದ್ರಿ."

"ಹುಣ್ಣು ಅಂದ್ ಮ್ಯಾಲ ನೋವು ಇದ್ದದ್ದೇ."

"ಹುಣ್ಣಿಂದಲ್ರಿ." ಚರಿಗೆ ನೀರಿನ ವಿಷಯ ಹೇಳಿದಳು. "ನಾ ಒಣಗಸ್ತೀನಿ, ಅವರು ತೋಯಸ್ತಾರ. ನನ್ನ ಸಲುವಾಗೇ ತೋಯಸ್ತಾರ. ಹಿಂಗಾದ್ರ ನಾ ಆಕಿಗಿ ಪ್ರೀತಿ ಮಾಡ್ಲೋ, ಬಿಡ್ಲೋ?"

ಪಾಸ್ಟರು ಹಣ್ಣು ತಿನ್ನುವುದನ್ನು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಐದು ಊರು, ಒಂದು ಬೈಕು.

"ನೋಡವಾ. ಅವರ ಮನಿ ಕಟ್ಟು, ನಾವು ಮಾತಾಡಾಕ ಬರಂಗಿಲ್ಲ. ಕಾಲ ಹ್ಯಾಂಗದ ಅಂತ ನಿನಗ ಗೊತ್ತದ. ಮುದುಕಿಗಿ ಜಾತಿ ಕೆಡಸಾಕ ಬಂದಾಳ ಅಂತ ಒಂದು ಮಾತು ಎದ್ದಿತಂದ್ರ ನಿನಗೂ ಪರೇಶಾನಿ, ಈ ಎಲ್ಲಾ ಹೆಣ್ಮಕ್ಕಳಿಗೂ ಪರೇಶಾನಿ. ತಾಳ್ಕೋ. ಪ್ರಾರ್ಥನಾ ಮಾಡು. ನೀರು ಬೀಳೋದು ನಿನ್ನ ಮ್ಯಾಲ ಅಲ್ಲಲ್ಲ."

"ಅಲ್ರಿ" ಎಂದಳು ಗಯಾಬಾಯಿ.

ಬಸ್ಸಿನಲ್ಲಿ ಕಿಟಕಿ ಮುಚ್ಚುತ್ತಿರಲಿಲ್ಲ. ಹೈವೇಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ತೊಗರಿ ಕೊಯ್ದ ಹೊಲಗಳು ಬೋಳಾಗಿದ್ದವು. ಅವಳು ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದಳು. ಒಂದೇ ಮಾತು ತಿರುತಿರುಗಿ ಬಂತು. ನೀರು ನಿನ್ನ ಮೇಲೆ ಬೀಳುವುದಿಲ್ಲ. ಹೌದು. ಅವಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವಳು ಯಾವಾಗಲೂ ಹೊರಗೆ, ಮೆಟ್ಟಿಲ ಮೇಲೆ, ಒಣಗಿದ ಸೀರೆಯಲ್ಲಿ ನಿಂತಿರುತ್ತಿದ್ದಳು. ಆತ್ರೀ ಎಂದು ಕೂಗುವವಳು ಅವಳೇ. ಅವಳು ಕೂಗಿದ ಮೇಲೇ ನೀರು.

ಸೋಮವಾರ ಆರಕ್ಕೆ ಕೆಲಸ ಹಿಡಿದಳು. ತೊಳೆದಳು. ಒರೆಸಿದಳು. ಹುಣ್ಣಿನ ಅಂಚು ಕಪ್ಪಾಗಿತ್ತು, ನಡುವೆ ಏನೋ ಬೆಳ್ಳಗೆ ಕಾಣುತ್ತಿತ್ತು. ಅದು ಎಲುಬೋ, ಎಲುಬಿನ ಮೇಲಿನ ಪರೆಯೋ ಅವಳಿಗೆ ತಿಳಿಯಲಿಲ್ಲ. ಮದ್ದು ತುಂಬಿ ಪಟ್ಟಿ ಕಟ್ಟಿದಳು. ಮುದುಕಿಯನ್ನು ಎಡಮಗ್ಗಲಾಗಿ ಮಲಗಿಸಿ ಒಣ ಸೀರೆ ಸುತ್ತಿದಳು. ಬಕೇಟು ಹೊರಗಿಟ್ಟು ಬಂದಳು. ಆಮೇಲೆ ಮಂಚದ ಅಂಚಿಗೆ, ಮುದುಕಿಯ ಬೆನ್ನ ಹಿಂದೆ, ಕೂತಳು. ಒಂದು ಕೈಯನ್ನು ಅವಳ ಸೊಂಟದ ಮೇಲಿಟ್ಟಳು.

ಆ ಮಂಚದ ಮೇಲೆ ಅವಳು ಕೂತದ್ದು ಅದೇ ಮೊದಲು.

ಅಡಿಗೆಮನೆಯಿಂದ ವಿಜಯಶ್ರೀ ಕೂಗಿದಳು. "ಆತೇನು?"

"ಇಲ್ರಿ."

ಏಳಾಯಿತು. "ಇನ್ನೂ ಆಗಿಲ್ಲೇನು?"

"ಇಲ್ರಿ ಅಕ್ಕೋರೆ."

ಏಳೂವರೆಗೆ ವಿಜಯಶ್ರೀ ಬಾಗಿಲಿಗೆ ಬಂದಳು. ಕೈಯಲ್ಲಿ ಚರಿಗೆ. ಮಂಚ ನೋಡಿದಳು. ಒಣಗಿದ ನೆಲ ನೋಡಿದಳು.

"ಎಲ್ಲಾ ಆಗ್ಯಾದಲ್ಲ. ಹೊರಗ ನಡಿ ಮತ್ತ."

"ಆಗಿಲ್ರಿ. ನಾ ಇನ್ನೂ ಮುಟ್ಟೇ ಕುಂತೀನಿ."

"ಯಾಕ?"

"ನಾ ಎದ್ರ ನೀವು ನೀರ್ ಹಾಕ್ತೀರಿ."

ವಿಜಯಶ್ರೀಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾಗಮ್ಮನಿಗೆ ಮೊದಲು ಅರ್ಥವಾಯಿತು.

"ಏ ರಂಡೆ, ಏಳ! ನನಗ ಹಸಿವಾಗ್ಯಾದ. ಪೂಜಾ ಆಗ್ಬೇಕು. ಏಳಂತೀನಿ."

"ಹಸಿವಾಗಿದ್ರ ಉಣ್ರಿ ಆಯಿ."

"ಪೂಜಾ ಆಗ್ದೆ ಹ್ಯಾಂಗ ಉಣ್ಲಿ? ನಿನ್ನಂಗ ಎದ್ದಕೂಡ್ಲೇ ತಿನ್ನೋ ಜಾತಿ ಏನು ನಂದು?"

"ಪೂಜಾ ಮಾಡ್ರಿ. ನಾ ಬ್ಯಾಡ ಅಂದೀನೇನು?"

"ನೀ ಮುಟ್ಟಿ ಕುಂತಿ!"

"ಹೌದ್ರಿ."

ಭಾಗಮ್ಮ ಬಲಗೈಯನ್ನು ಹಿಂದಕ್ಕೆ ಬೀಸಿ ಹೊಡೆದಳು. ಗಯಾಬಾಯಿಯ ಮೊಣಕಾಲಿಗೆ ಬಿತ್ತು. ಇನ್ನೊಮ್ಮೆ ಹೊಡೆದಳು. ಗಯಾಬಾಯಿ ಮೊಣಕಾಲು ಸರಿಸಲಿಲ್ಲ. ಹೊಡೆತ ಗೊತ್ತಾಯಿತು, ನೋವು ಗೊತ್ತಾಗಲಿಲ್ಲ.

ಎಂಟಾಯಿತು. ಒಂಬತ್ತಾಯಿತು. ಮುದುಕಿ ಬೈದು ಬೈದು ದಣಿದಳು. ಆಮೇಲೆ ಸಣ್ಣಗೆ ಅಳತೊಡಗಿದಳು, ಕೂಸಿನಂತೆ, ಹಸಿವಿಗೆ. ಅದು ಕಷ್ಟವಾಯಿತು. ಬೈಗುಳಕ್ಕಿಂತ ಕಷ್ಟವಾಯಿತು. ತಾನೀಗ ಒಬ್ಬ ರೋಗದ ಮುದುಕಿಯನ್ನು ಉಪವಾಸ ಕೆಡವಿದ್ದೇನೆ ಎಂಬುದು ಗಯಾಬಾಯಿಗೆ ಗೊತ್ತಿತ್ತು. ಸ್ವಾಮಿ, ಇದು ನಿಂದೇ ಮೈ ಎಂದು ಹೇಳಿಕೊಳ್ಳಲು ನೋಡಿದಳು. ಮಾತು ಬಂತು, ಮಾತಿನೊಳಗೆ ಏನೂ ಬರಲಿಲ್ಲ. ಕೈ ಮಾತ್ರ ಸೊಂಟದ ಮೇಲೆ ಇತ್ತು. ಅದನ್ನು ಅಲ್ಲೇ ಇಟ್ಟಳು.

ವಿಜಯಶ್ರೀ ಅಂಗಡಿಗೆ ಫೋನು ಮಾಡಿದಳು. ಹತ್ತಕ್ಕೆ ಓಂಪ್ರಕಾಶ ಬಂದ.

"ಏನು ನಾಟಕ ಇದು? ಏಳು."

"ಏಳಂಗಿಲ್ರಿ ಸಾವ್ಕಾರ್ರೆ."

"ನಮ್ಮ ಮನ್ಯಾಗ ನಮಗ ಕಾನೂನು ಹೇಳ್ತೀ ಏನು? ಪೋಲೀಸರಿಗಿ ಕರೀಲೇನು? ಮುದುಕಿಗಿ ನಿಮ್ಮ ಧರ್ಮ ಹಚ್ಚಾಕತ್ತಾಳ ಅಂತ ಒಂದು ಮಾತು ಹೇಳಿದ್ರ ಸಾಕು, ಮೋರಖಂಡಿ ತನಕಾ ಬರ್ತಾರ ಜನ."

"ಕರೀರಿ. ಬರಲಿ. ಬಂದವ್ರಿಗಿ ಬೆನ್ನು ತೋರಸ್ತೀನಿ."

"ಎಳದು ಹಾಕ್ತೀನಿ ನೋಡು!"

ಅವನು ಎರಡು ಹೆಜ್ಜೆ ಮುಂದೆ ಬಂದ. ಕೈ ಚಾಚಿದ. ಕೈ ನಡುವೆ ನಿಂತಿತು. ಎಳೆದು ಹಾಕಬೇಕಾದರೆ ಮುಟ್ಟಬೇಕು. ಗಯಾಬಾಯಿ ಅವನ ಕೈಯನ್ನೇ ನೋಡಿದಳು. ದೊಡ್ಡ ಕೈ, ಎರಡು ಉಂಗುರ. ಐವತ್ತು ಕಿಲೋ ಗೊಬ್ಬರದ ಚೀಲ ಎತ್ತುವ ಕೈ. ಅದು ಅವಳ ಭುಜಕ್ಕೆ ಒಂದು ಗೇಣು ದೂರದಲ್ಲಿ ನಿಂತಿತ್ತು. ನಿಂತೇ ಇತ್ತು.

"ಮುಟ್ರಿ" ಎಂದಳು ಗಯಾಬಾಯಿ. "ಎಳೀರಿ."

ಓಂಪ್ರಕಾಶ ಕೈ ಹಿಂದೆ ತೆಗೆದ. ಹೆಂಡತಿಯ ಕೈಯಿಂದ ಚರಿಗೆ ಕಿತ್ತುಕೊಂಡ. ಅವನು ಏನು ಮಾಡುತ್ತಾನೆಂದು ಗಯಾಬಾಯಿಗೆ ತಿಳಿಯಿತು. ಬಾಗಿದಳು. ಮುದುಕಿಯ ಬೆನ್ನಿಗೆ ತನ್ನ ಎದೆ ಹಚ್ಚಿ, ತಲೆಯ ಮೇಲೆ ತಲೆ ಇಟ್ಟು, ಕೋಳಿ ಮರಿಯ ಮೇಲೆ ಕೂತಂತೆ ಕವುಚಿದಳು.

ನೀರು ಬಿತ್ತು. ಅವಳ ಬೆನ್ನಿನ ಮೇಲೆ ಬಿತ್ತು. ತಣ್ಣಗಿತ್ತು.

ಬಾಗಿಲ ಬದಿಯ ಕೊಡದಿಂದ ಇನ್ನೊಂದು ಚರಿಗೆ. ತಲೆಯ ಮೇಲೆ. ಕೂದಲಿನಿಂದ ಇಳಿದು ಕಿವಿಯೊಳಗೆ ಹೋಯಿತು. ಇಷ್ಟು ತಣ್ಣಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಇದು ಈ ಬೆನ್ನಿಗೆ ದಿನಕ್ಕೆ ಎರಡು ಸಲ.

ಮೂರನೆಯದನ್ನು ಅವನು ಹುಯ್ಯಲಿಲ್ಲ, ಎಸೆದ. ಆಮೇಲೆ ಕೊಡದಲ್ಲಿ ನೀರಿರಲಿಲ್ಲ.

ನೀರು ಮಂಚದ ಅಂಚಿನಿಂದ ಪಡಸಾಲೆಯ ಕಡೆಗೆ ಹರಿಯಿತು. ಗಯಾಬಾಯಿಯ ಹಲ್ಲು ಕಟಕಟ ಅಂದವು. ಅವಳ ಕೆಳಗೆ ಮುದುಕಿ ಬಲಗೈಯಿಂದ ತನ್ನ ಸೀರೆ ಮುಟ್ಟಿ ನೋಡಿಕೊಂಡಳು. ಸೊಂಟ ಮುಟ್ಟಿ ನೋಡಿಕೊಂಡಳು.

"ನನ್ನ ಮ್ಯಾಲ ಬೀಳಲಿಲ್ಲ" ಎಂದಳು ಭಾಗಮ್ಮ. ದೂರು ಹೇಳುವ ದನಿ.

"ಬೀಳಂಗಿಲ್ರಿ ಆಯಿ."

"ದಿನಾ ಹಿಂಗೇ ಕುಂಡ್ರತೀ ಏನು?"

"ಕುಂಡ್ರತೀನಿ."

ಭಾಗಮ್ಮ ಬಲಗೈಯಿಂದ ತನ್ನ ಬರಿ ಕೊರಳನ್ನು ತಡವಿಕೊಂಡಳು. ಆಮೇಲೆ ಹೇಳಿದಳು. "ವಿಜಯಾ, ಲಿಂಗ ತಾ."

"ಅತ್ತಿ, ನೀರು..."

"ತಾ ಅಂದೆ."

"ಹ್ಯಾಂಗ ಅವ್ವಾ, ಈಕಿ ಇನ್ನೂ ಮುಟ್ಟೇ ಕುಂತಾಳಲ್ಲ" ಎಂದ ಓಂಪ್ರಕಾಶ.

"ನಿನ್ನ ಹೊಟ್ಟಿ ತುಂಬ್ಯಾದ, ನಿನಗ ಹ್ಯಾಂಗ ಅನಸ್ತದ. ಮುಂಜಾನಿಂದ ಖಾಲಿ ಹೊಟ್ಟಿ ನಂದು. ತಾ."

ಕರಡಿಗೆ ಬಂತು. ವಿಜಯಶ್ರೀ ಬಾಗಿ ಅದನ್ನು ಅತ್ತೆಯ ಬಲಗೈಯಲ್ಲಿಟ್ಟಳು. ಗಯಾಬಾಯಿ ಮುಖ ಪಕ್ಕಕ್ಕೆ ತಿರುಗಿಸಿದಳು. ನೋಡಬಾರದ ಸಂಗತಿ ಎಂದು ಅನ್ನಿಸಿತು. ಭಾಗಮ್ಮ ತುಟಿ ಅಲುಗಿಸಿದಳು. ಅವಳ ಬೆನ್ನು ಉಸಿರಿಗೆ ಏರುತ್ತ ಇಳಿಯುತ್ತ ಇದ್ದದ್ದು ಗಯಾಬಾಯಿಯ ಎದೆಗೆ ತಿಳಿಯುತ್ತಿತ್ತು. ಗಯಾಬಾಯಿಯೂ ಕಣ್ಣು ಮುಚ್ಚಿದಳು. ಕೇಳಿಕೊಳ್ಳಲು ಏನೂ ತೋಚಲಿಲ್ಲ. ಹಾಗೇ ಮುಚ್ಚಿಕೊಂಡಿದ್ದಳು. ಬಸವಕಲ್ಯಾಣದ ಒಂದು ಹಿಂದಿನ ಕೋಣೆಯಲ್ಲಿ, ಒಂದೇ ಮಂಚದ ಮೇಲೆ, ಇಬ್ಬರು ಹೆಂಗಸರು ಅಷ್ಟು ಹೊತ್ತು ಕಣ್ಣು ಮುಚ್ಚಿದ್ದರು. ಅಷ್ಟೇ ನಡೆದದ್ದು. ಗೋಡೆ ಬೀಳಲಿಲ್ಲ, ಸೂರು ಬೀಳಲಿಲ್ಲ.

ವಿಜಯಶ್ರೀ ಜೋಳದ ಗಂಜಿ ತಂದಳು. ಭಾಗಮ್ಮ ಬಟ್ಟಲು ಬರಿದು ಮಾಡಿ ಇನ್ನೊಂದು ಕೇಳಿದಳು.

"ಉಂಡ್ಲಲ್ಲ" ಎಂದ ಓಂಪ್ರಕಾಶ. ಅವನ ದನಿ ತಗ್ಗಿತ್ತು, ಅದಕ್ಕೇ ಇನ್ನೂ ಗಡಸಾಗಿತ್ತು. "ಇನ್ ನಡಿ. ನಾಳಿಂದ ಈ ಬಾಗಿಲಿಗಿ ಬರಬ್ಯಾಡ. ಬ್ಯಾರೆ ಯಾರನ್ನರೆ ನೋಡ್ಕೋತೀವಿ."

ಗಯಾಬಾಯಿ ಮುದುಕಿಯ ಬೆನ್ನಿನ ಪಟ್ಟಿಯ ಮೇಲೆ ಕೈ ಆಡಿಸಿ ನೋಡಿದಳು. ಬೆರಳನ್ನು ನಂಬದೆ ಕೆನ್ನೆ ಹಚ್ಚಿ ನೋಡಿದಳು. ಒಣಗಿತ್ತು. ಎದ್ದಳು. ಹಿತ್ತಲ ಬಾಗಿಲು ದಾಟಿದಳು. ಏನೂ ಕೂಗಲಿಲ್ಲ. ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟಳು. ನೀರಿನ ಸದ್ದು ಬರಲಿಲ್ಲ.

ಆಟೋದಲ್ಲಿ ಅವಳ ಒದ್ದೆ ಸೀರೆ ತಗಲದಂತೆ ಜನ ಸರಿದು ಕೂತರು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಕೆಲಸ ಹೋಯಿತು ಎಂದೂ ಅನ್ನಿಸಲಿಲ್ಲ. ಸಂಜೆ ಐದಾದಾಗ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳ ಎರಡೂ ಕೈ ತಾವಾಗಿ ನಿಂತವು. ಈಗ ಹೊರಳಿಸುವ ಹೊತ್ತು. ಯಾರು ಹೊರಳಿಸುತ್ತಾರೆ?

ಮರುದಿನ ಆರಕ್ಕೆ ಅವಳು ಹಿತ್ತಲ ಬಾಗಿಲಲ್ಲಿದ್ದಳು. ಬಡಿಯುವ ಮೊದಲೇ ಬಾಗಿಲು ತೆರೆಯಿತು. ವಿಜಯಶ್ರೀಯ ಕಣ್ಣು ಕೆಂಪಗಿದ್ದವು. ಸೆರಗಿನ ಮೇಲೆ ಹಳದಿ ಕಲೆ.

"ಅವರು ಮನ್ಯಾಗೇ ಅದಾರ. ಒಳಗ ಬಿಡಬ್ಯಾಡ ಅಂದಾರ" ಎಂದಳು ಪಿಸುದನಿಯಲ್ಲಿ. "ನಿನ್ನೆ ಸಂಜಿ ನಾನೇ ತೊಳದೆ. ಹೊರಳಸಾಕ ಹೋದ್ರ ಅತ್ತಿ ಚೀರತಾರ. ನನ್ನ ಕೈ ಜಾರತದ. ನೀ ಹ್ಯಾಂಗ ಹಿಡೀತಿದ್ದಿ? ಇಲ್ಲಿಂದೇ ಹೇಳು, ನಾ ಹಾಂಗೇ ಮಾಡ್ತೀನಿ."

"ಇಲ್ಲಿಂದ ಹೇಳಾಕ ಬರಂಗಿಲ್ರಿ ಅಕ್ಕೋರೆ."

"ಜರಾ ಬಾಯಿಲೆ ಹೇಳಬಾರ್ದೇನು?"

"ಬಾಯಿಲೆ ಬರೂದಲ್ಲದು. ನಿಮ್ಮ ಕೈ ಹಿಡದು ಆಕಿ ಸೊಂಟದ ಕೆಳಗ ಇಟ್ಟು ತೋರಸ್ಬೇಕು. ನಿಮ್ಮ ಕೈ ನನ್ನ ಕೈಯಾಗ ಇರ್ಬೇಕು. ಹಾಂಗಿದ್ರ ಕಲಸ್ತೀನಿ. ನೀರ್ ಹಾಕೋ ಮಾತಿದ್ರ ಇಲ್ಲ."

ವಿಜಯಶ್ರೀ ತನ್ನ ಕೈ ನೋಡಿಕೊಂಡಳು. ಒಳಗೆ ಪಡಸಾಲೆಯಲ್ಲಿ ಓಂಪ್ರಕಾಶ ಕೆಮ್ಮಿದ ಸದ್ದು ಕೇಳಿತು. ಗಯಾಬಾಯಿ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಬೇಡಿಕೊಳ್ಳಲೂ ಇಲ್ಲ, ಹೋಗಲೂ ಇಲ್ಲ. ಚಳಿಗೆ ಇಬ್ಬರ ಉಸಿರೂ ಕಾಣುತ್ತಿತ್ತು.

ವಿಜಯಶ್ರೀ ಬಾಗಿಲಿನಿಂದ ಸರಿದು ನಿಂತಳು.

ಹೊಸ್ತಿಲ ಒಳಗೆ ಒಂದು ಕಾಲು ಇಡುವಷ್ಟರಲ್ಲಿ ಹಿಂದಿನ ಕೋಣೆಯಿಂದ ಭಾಗಮ್ಮನ ದನಿ ಬಂತು, ಮೂರು ಮನೆಗೆ ಕೇಳುವಷ್ಟು ಜೋರಾಗಿ. "ಯಾರದು, ಗಯಾ ಏನು? ಎಷ್ಟೊತ್ತು ಮಾಡ್ದೆ ರಂಡೆ. ಈ ಸೊಸಿ ನನ್ನ ಕೊಲ್ಲಾಕತ್ತಾಳ. ಜಲ್ದಿ ಬಾ."